ಎದೆಬಡಿತದ ಲಯ ತಪ್ಪೋದು ಯಾವುದರಿಂದ? ಕಾಫಿಗಿಂತ ಮೊದಲು ನೋಡಬೇಕಾದ್ದು ಬೇರೆ ಇದೆ

(ಹಿರಿಯ ನಾಗರಿಕರ ಸಭೆಯೊಂದರಲ್ಲಿ ಮಾತಾಡಿದ್ದನ್ನ ಬರಹಕ್ಕೆ ಇಳಿಸಿದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಇವತ್ತಿನ ಮಾತು ಹಾರ್ಟ್ ಅಟ್ಯಾಕ್ ಬಗ್ಗೆ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ಬಂದಾಗಿಂದ ಹೃದಯ ಅಂದ ಕೂಡ್ಲೆ ಜನಕ್ಕೆ ಅದೊಂದೇ ನೆನಪಾಗುತ್ತೆ, ಆಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ನಿಂತಿದ್ದ ಕ್ಯೂ ನೀವೂ ನೋಡಿರ್ತೀರಿ. ಹಾರ್ಟ್ ಅಟ್ಯಾಕ್ ಅಂದ್ರೆ ಹೃದಯಕ್ಕೇ ರಕ್ತ ಕೊಡೋ ನಾಳ ಕಟ್ಟಿಕೊಳ್ಳೋದು. ನಾನು ಹೇಳೋಕೆ ಹೊರಟಿರೋದು ಹೃದಯದ ಒಳಗಿನ ಕರೆಂಟ್ ಕೆಡೋ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಷನ್. ಚೀಟಿಯಲ್ಲಿ ಎ.ಎಫ್. ಅಂತ ಎರಡಕ್ಷರ ಬರೆದಿರ್ತಾರೆ, ಪೇಷಂಟ್‌ಗೆ ಅದೇನು ಅಂತ ಎಷ್ಟೋ ಸಲ ಗೊತ್ತೇ ಇರಲ್ಲ, ಮನೆಗೆ ಹೋಗಿ "ಹಾರ್ಟ್ ಸ್ವಲ್ಪ ಜೋರಾಗಿ ಹೊಡ್ಕೊಳ್ತಿದೆಯಂತೆ" ಅಂದ್ಕೊಂಡು ಸುಮ್ಮನಾಗಿಬಿಡ್ತಾರೆ. ಆ ಸುಮ್ಮನಾಗೋದೇ ನನಗೆ ಚಿಂತೆ.

ಹೃದಯಕ್ಕೆ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಬಲಗಡೆ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅಂತ ಒಂದು ಪುಟ್ಟ ಜಾಗ ಇದೆ, ಅಲ್ಲಿಂದ ನಿಮಿಷಕ್ಕೆ 60ರಿಂದ 100 ಸಲ ಕರೆಂಟ್ ಹೊರಡುತ್ತೆ, ಅದು ಹೇಳಿದ ಹಾಗೆ ಮೇಲಿನ ಕೋಣೆ ಹಿಂಡುತ್ತೆ, ಆಮೇಲೆ ಕೆಳಗಿನದು ಹಿಂಡುತ್ತೆ. ಎ.ಎಫ್. ಬಂದಾಗ ಈ ಶಿಸ್ತು ಹೋಗಿಬಿಡುತ್ತೆ. ಮೇಲಿನ ಕೋಣೆಯಲ್ಲಿ ನಿಮಿಷಕ್ಕೆ 350ರಿಂದ 600ರ ತನಕ ಅಡ್ಡಾದಿಡ್ಡಿ ಕರೆಂಟ್ ಓಡಾಡುತ್ತೆ, ಕೋಣೆ ಹಿಂಡೋದೇ ಇಲ್ಲ, ಸುಮ್ನೆ ಅದುರುತ್ತೆ. ಅಷ್ಟೂ ಕೆಳಗೆ ಇಳಿದ್ರೆ ಮನುಷ್ಯ ಉಳಿಯಲ್ಲ, ಪುಣ್ಯಕ್ಕೆ ನಡುವೆ ಎ.ವಿ. ನೋಡ್ ಅಂತ ಒಂದು ತಡೆ ಇದೆ, ಅದು ಕೆಲವನ್ನ ಮಾತ್ರ ಬಿಡುತ್ತೆ, ಆದ್ರೆ ಬಿಡೋದು ಹೊತ್ತುಗೊತ್ತಿಲ್ಲದೆ. ಅದಕ್ಕೇ ನಾಡಿ ಹಿಡಿದ್ರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಒಂದೇ ಥರ ಇರಲ್ಲ. ಕೆಲವರಿಗೆ ಎದೆ ಡವಡವ ಅನ್ಸುತ್ತೆ, ಕೆಲವರಿಗೆ ಬರೀ ಸುಸ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು, ಇನ್ನು ಕೆಲವರಿಗೆ ಏನೂ ಗೊತ್ತಾಗಲ್ಲ, ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಇಸಿಜಿ ತೆಗೆದಾಗ ಸಿಕ್ಕಿಬೀಳುತ್ತೆ.

ಇದರಿಂದ ಆಗೋ ದೊಡ್ಡ ಅಪಾಯ ಹೃದಯಕ್ಕಲ್ಲ, ಮೆದುಳಿಗೆ. ಎಡಗಡೆ ಮೇಲಿನ ಕೋಣೆಯ ಪಕ್ಕಕ್ಕೆ ಸಣ್ಣದೊಂದು ಚೀಲ ಅಂಟಿಕೊಂಡಿದೆ, ಕೋಣೆ ಹಿಂಡದೆ ಇದ್ದಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತೆ, ಆ ಹೆಪ್ಪು ಜಾರಿ ಮೆದುಳಿಗೆ ಹೋದ್ರೆ ಸ್ಟ್ರೋಕ್, ನಮ್ಮ ಕಡೆ ಲಕ್ವ ಹೊಡೀತು ಅಂತೀವಲ್ಲ ಅದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಲ್ಲಿ 1948ರಿಂದ ಜನರ ಹೃದಯದ ಮೇಲೆ ನಿಗಾ ಇಟ್ಟು ನಡೆಸ್ತಿರೋ ಅಧ್ಯಯನದಲ್ಲಿ ಎ.ಎಫ್. ಇದ್ದವರಿಗೆ ಸ್ಟ್ರೋಕ್ ಅಪಾಯ ಸುಮಾರು 5 ಪಟ್ಟು ಅಂತ ಕಂಡಿತ್ತು. ಈ ಮಾತನ್ನ ಸ್ವಲ್ಪ ಮನಸ್ಸಲ್ಲಿ ಇಟ್ಕೊಳ್ಳಿ, ಆಮೇಲೆ ಇದಕ್ಕೇ ಬರ್ತೀನಿ.

ಈಗ ವಿಷಯಕ್ಕೆ. ಎ.ಎಫ್. ಅಂತ ಹೇಳಿದ ಕೂಡ್ಲೆ ಎಲ್ರೂ ಕೇಳೋದು ಒಂದೇ, "ಯಾಕೆ ಬಂತು ಡಾಕ್ಟ್ರೇ, ಏನು ತಿಂದಿದ್ದಕ್ಕೆ ಬಂತು?" ಕೇಳೋದು ಸಹಜ. ಬಂದು ಹೋಗೋ ಥರದ ಎ.ಎಫ್. ಇರೋ 1295 ಜನರನ್ನ ಅಮೆರಿಕದಲ್ಲಿ ಕೇಳಿ ನೋಡಿದ್ರು, 2019ರಲ್ಲಿ ಅದು ಪ್ರಕಟ ಆಯ್ತು. 100ಕ್ಕೆ 74 ಜನ ನಮಗೆ ಇಂಥದ್ದರಿಂದಲೇ ಶುರುವಾಗುತ್ತೆ ಅಂತ ಏನಾದರೊಂದು ಕಾರಣ ಹೇಳಿದ್ರು. ಮದ್ಯ ಅಂದವರು ಶೇ. 35, ಕಾಫಿ-ಟೀ ಥರದ ಕೆಫೀನ್ ಅಂದವರು ಶೇ. 28, ವ್ಯಾಯಾಮ ಅಂದವರು ಶೇ. 23, ನಿದ್ದೆಗೇಡು ಅಂದವರು ಶೇ. 21. ಇದು ಜನ ಹೇಳಿದ್ದು, ಪರೀಕ್ಷೆ ಮಾಡಿ ಕಂಡಿದ್ದಲ್ಲ, ಈ ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನೋದೇ ನನ್ನ ಇವತ್ತಿನ ಮುಖ್ಯ ಮಾತು.

ಅದಕ್ಕೆ ಮುಂಚೆ ಒಂದು ಹೇಳಬೇಕು. ಕಿಡಿ ಬೇರೆ, ಬಣವೆ ಬೇರೆ. ಹಸಿ ಹುಲ್ಲಿನ ಮೇಲೆ ಬೀಡಿ ಬಿಸಾಕಿದ್ರೆ ಏನೂ ಆಗಲ್ಲ, ಮಾರ್ಚ್ ತಿಂಗಳ ಒಣ ಬಣವೆ ಮೇಲೆ ಬಿದ್ರೆ ಊರೇ ಓಡಿ ಬರಬೇಕು. ಪ್ಯಾರಿಸ್‌ನ ಫಿಲಿಪ್ ಕುಮೆಲ್ ಅನ್ನೋ ಡಾಕ್ಟ್ರು ಇದನ್ನೇ ಮೂರು ಭಾಗ ಮಾಡಿ ಹೇಳಿದ್ರು: ಕೆಣಕೋ ಕಾರಣ ಒಂದು, ಮೊದಲೇ ಹಾಳಾಗಿರೋ ಹೃದಯದ ಗೋಡೆ ಒಂದು, ಇವೆರಡರ ನಡುವೆ ನಮಗೆ ಗೊತ್ತಾಗದೆ ಕೆಲಸ ಮಾಡೋ ನರಗಳ ಏರುಪೇರು ಒಂದು. ಕಿಡಿ ಎಲ್ಲಿಂದ ಹಾರುತ್ತೆ ಅನ್ನೋದನ್ನ ಫ್ರಾನ್ಸಿನದೇ ಬೋರ್ಡೋ ಊರಿನ ಮಿಶೆಲ್ ಹೈಸಾಗೇರ್ ತಂಡದವರು 1998ರಲ್ಲಿ ತೋರಿಸಿದ್ರು. 45 ರೋಗಿಗಳ ಹೃದಯದೊಳಗೆ ತಂತಿ ಇಳಿಸಿ ಹುಡುಕಿದಾಗ ಶೇ. 94ರಷ್ಟು ಕಿಡಿಗಳು ಹೊರಟಿದ್ದು ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ರಕ್ತ ತರೋ ನಾಲ್ಕು ನಾಳಗಳ ಒಳಗಿಂದ. ಇವತ್ತು ಎ.ಎಫ್.ಗೆ ಅಬ್ಲೇಷನ್ ಮಾಡ್ತೀವಿ ಅಂತಾರಲ್ಲ, ಅದು ಈ ನಾಳಗಳ ಸುತ್ತ ಸುಟ್ಟೋ ಅತಿ ಶೀತದಿಂದ ಮರಗಟ್ಟಿಸಿಯೋ ಬೇಲಿ ಹಾಕೋದು, ಅದರ ಬೇರು ಅಲ್ಲಿದೆ.

ಸರಿ, ಕಾಫಿ. ನಮ್ಮಲ್ಲಿ ಎದೆ ಡವಡವ ಅಂತ ಯಾರೇ ಬಂದ್ರೂ ಮೊದಲು ಕಿತ್ಕೊಳ್ಳೋದು ಕಾಫಿ ಲೋಟ. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆಯವರಿಗೆ ಬೆಳಗ್ಗೆ ಒಂದು ಲೋಟ ಫಿಲ್ಟರ್ ಕಾಫಿ ಇಲ್ಲ ಅಂದ್ರೆ ದಿನವೇ ಶುರುವಾಗಲ್ಲ, ಅಂಥ 75 ವರ್ಷದ ಅಜ್ಜಿಗೆ ಕಾಫಿ ಬಿಡಿಸಿ ಗೊರಕೆ ಬಗ್ಗೆ ಒಂದು ಪ್ರಶ್ನೆನೂ ಕೇಳದೆ ಕಳಿಸೋದು ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಪರೀಕ್ಷೆ ಏನು ಹೇಳುತ್ತೆ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದ ಗ್ರೆಗರಿ ಮಾರ್ಕಸ್ ಅನ್ನೋ ಡಾಕ್ಟ್ರು ಈ ಒಂದು ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಬಿದ್ದಿದಾರೆ. 100 ಆರೋಗ್ಯವಂತರಿಗೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿ, ಇವತ್ತು ಕಾಫಿ ಕುಡೀರಿ, ಇವತ್ತು ಕುಡೀಬೇಡಿ ಅಂತ ದಿನಾ ಮೆಸೇಜ್ ಕಳಿಸಿ ಎರಡು ವಾರ ನೋಡಿದ್ರು, 2023ರಲ್ಲಿ ಅದರ ಫಲಿತಾಂಶ ಬಂತು. ಎ.ಎಫ್.ಗೆ ದಾರಿ ಮಾಡೋ ಮೇಲ್ಕೋಣೆಯ ಅಕಾಲ ಬಡಿತಗಳು ಕಾಫಿ ದಿನ ಗಮನಿಸೋ ಅಷ್ಟು ಹೆಚ್ಚಾಗಲೇ ಇಲ್ಲ. ಕೆಳಕೋಣೆಯ ಅಕಾಲ ಬಡಿತ ಹೆಚ್ಚಾಯ್ತು, ನಡೆದ ಹೆಜ್ಜೆ ಸುಮಾರು 1000 ಹೆಚ್ಚಾಯ್ತು, ನಿದ್ದೆ 36 ನಿಮಿಷ ಕಮ್ಮಿ ಆಯ್ತು. ಆಮೇಲೆ 2025ರಲ್ಲಿ ಇನ್ನೊಂದು ಬಂತು, ಇದು ಎ.ಎಫ್. ಇರೋವರ ಮೇಲೇ ಮಾಡಿದ್ದು. ಶಾಕ್ ಕೊಟ್ಟು ಲಯ ಸರಿ ಮಾಡಬೇಕಾಗಿದ್ದ 200 ಜನರಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ ಒಂದು ಕಪ್ಪಾದ್ರೂ ಕುಡೀರಿ ಅಂದ್ರು, ಉಳಿದವರಿಗೆ ಪೂರ್ತಿ ಬಿಡಿ ಅಂದ್ರು. ಆರು ತಿಂಗಳಲ್ಲಿ ಮತ್ತೆ ಲಯ ತಪ್ಪಿದ್ದು ಕಾಫಿ ಕುಡಿದವರಲ್ಲಿ ಶೇ. 47, ಬಿಟ್ಟವರಲ್ಲಿ ಶೇ. 64. ಅಂದ್ರೆ ಬಿಟ್ಟವರಿಗೇ ಜಾಸ್ತಿ.

ಇದನ್ನ ಕೇಳಿ ನಾಳೆಯಿಂದ ಆರಾರು ಲೋಟ ಕುಡೀರಿ ಅಂತ ನಾನು ಹೇಳ್ತಿಲ್ಲ. ರಾತ್ರಿ ಎಂಟಕ್ಕೆ ಕುಡಿದು ನಿದ್ದೆ ಕೆಡಿಸ್ಕೊಂಡ್ರೆ ಅದು ಬೇರೆ ದಾರಿಯಿಂದ ತೊಂದರೆ ತರುತ್ತೆ. ಹುಡುಗರು ಕುಡಿಯೋ ಎನರ್ಜಿ ಡ್ರಿಂಕ್ ಡಬ್ಬಿಗಳಿಗೂ ಈ ಅಧ್ಯಯನಕ್ಕೂ ಸಂಬಂಧ ಇಲ್ಲ. ನಿಮಗೇ ಪ್ರತಿ ಸಲ ಕಾಫಿ ಕುಡಿದ ಮೇಲೆ ಎದೆ ಏರುಪೇರು ಆಗೋದು ಖಚಿತವಾಗಿದ್ರೆ ಬಿಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ಬೆಳಗ್ಗೆಯದೊಂದು, ಸಂಜೆಯದೊಂದು ಕುಡಿಯೋ ಮನುಷ್ಯನ ಎ.ಎಫ್.ಗೆ ಕಾಫಿನೇ ಕಾರಣ ಅಂತ ತೀರ್ಮಾನ ಮಾಡಿ ಅಲ್ಲಿಗೇ ನಿಲ್ಲಿಸೋದು ಬೇಡ.

ಮದ್ಯದ ವಿಷಯ ಹಾಗಲ್ಲ. ಇಲ್ಲಿ ಜನ ಹೇಳಿದ್ದೂ ಪರೀಕ್ಷೆ ಹೇಳಿದ್ದೂ ಒಂದೇ. 1978ರಲ್ಲೇ ಅಮೆರಿಕದ ಫಿಲಿಪ್ ಎಟಿಂಗರ್ ಮತ್ತೆ ಅವರ ಜೊತೆಯವರು ಗಮನಿಸಿದ್ದು ಏನಂದ್ರೆ, ವಾರದ ಕೊನೆ, ಹಬ್ಬ, ರಜೆ ಮುಗಿದ ಕೂಡ್ಲೆ ಲಯ ತಪ್ಪಿದ ಹೃದಯ ಹಿಡ್ಕೊಂಡು ಆಸ್ಪತ್ರೆಗೆ ಬರೋರು ಹೆಚ್ಚು, ಅವರೆಲ್ಲ ಚೆನ್ನಾಗಿ ಕುಡಿದಿರ್ತಾರೆ. ಅದಕ್ಕೆ ಹಾಲಿಡೇ ಹಾರ್ಟ್ ಅಂತಲೇ ಹೆಸರಿಟ್ಟರು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಯುಗಾದಿ ಮಾರನೇ ದಿನ ಹೊಸತೊಡಕು, ಬಾಡೂಟ, ಅದರ ಜೊತೆ ಗ್ಲಾಸು, ರಾತ್ರಿ ಎರಡರ ತನಕ ಎಚ್ಚರ. ಮಾರನೇ ಬೆಳಗ್ಗೆ ಬರೋ ಎದೆಬಡಿತಕ್ಕೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಿಬಿಡ್ತಾರೆ. ಮದ್ಯ ಒಂದೇ ಏಟಿಗೆ ನಾಲ್ಕು ಕೆಲಸ ಮಾಡುತ್ತೆ: ಮೇಲ್ಕೋಣೆಯ ಕರೆಂಟನ್ನ ನೇರವಾಗಿ ಕೆಣಕುತ್ತೆ, ಮೂತ್ರದಲ್ಲಿ ನೀರು-ಮೆಗ್ನೀಷಿಯಂ ಕಳೀತದೆ, ನಿದ್ದೆ ಕೆಡಿಸುತ್ತೆ, ಗಂಟಲಿನ ಸ್ನಾಯು ಸಡಿಲ ಮಾಡಿ ಗೊರಕೆ ಹೆಚ್ಚಿಸುತ್ತೆ. ವರ್ಷಾನುಗಟ್ಟಲೆ ಕುಡಿದ್ರೆ ಬಿ.ಪಿ., ತೂಕ ಎರಡೂ ಏರಿ ಬಣವೆಯನ್ನೂ ಒಣಗಿಸುತ್ತೆ. 2021ರಲ್ಲಿ ಮಾರ್ಕಸ್ ತಂಡದವರೇ 100 ಎ.ಎಫ್. ರೋಗಿಗಳಿಗೆ ಎದೆಗೆ ಇಸಿಜಿ ಪಟ್ಟಿ, ಕಾಲಿಗೆ ಮದ್ಯ ಅಳೆಯೋ ಸೆನ್ಸರ್ ಕಟ್ಟಿ ನೋಡಿದ್ರು. ಒಂದೇ ಪೆಗ್ ಆದ್ರೂ ಮುಂದಿನ ನಾಲ್ಕು ಗಂಟೆಯಲ್ಲಿ ಎ.ಎಫ್. ಬರೋ ಸಾಧ್ಯತೆ ಎರಡು ಪಟ್ಟು, ಎರಡು ಅಥವಾ ಹೆಚ್ಚಾದ್ರೆ ಮೂರು ಪಟ್ಟು. ಆಸ್ಟ್ರೇಲಿಯಾದಲ್ಲಿ 2020ರಲ್ಲಿ ವಾರಕ್ಕೆ ಹತ್ತು ಅಥವಾ ಹೆಚ್ಚು ಡ್ರಿಂಕ್ ಕುಡೀತಿದ್ದ 140 ಎ.ಎಫ್. ರೋಗಿಗಳನ್ನ ಎರಡು ಗುಂಪು ಮಾಡಿದ್ರು. ಬಿಡಿ ಅಂತ ಹೇಳಿಸಿಕೊಂಡ ಗುಂಪಲ್ಲಿ ಆರು ತಿಂಗಳಲ್ಲಿ ಎ.ಎಫ್. ಮರುಕಳಿಸಿದ್ದು ಶೇ. 53, ಎಂದಿನ ಹಾಗೇ ಇದ್ದವರಲ್ಲಿ ಶೇ. 73. ಮಾತ್ರೆ ಇಲ್ಲದೆ, ಖರ್ಚಿಲ್ಲದೆ ಸಿಗೋ ಲಾಭ ಇದು, ಹಾಗಾಗಿ ಎ.ಎಫ್. ಇರೋವ್ರು ಕುಡಿಯೋದು ಬಿಟ್ರೇ ಒಳ್ಳೇದು ಅಂತ ನಾನು ನೇರವಾಗೇ ಹೇಳ್ತೀನಿ, ಬೀರ್ ಆದ್ರೆ ಪರವಾಗಿಲ್ವಾ ಅಂತ ಕೇಳೋರಿಗೂ ಅದೇ ಉತ್ತರ.

ಇನ್ನೂ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ರೋಗಿಗಳಿಗೇ ನಿಮ್ಮ ಅನುಮಾನ ಯಾವುದರ ಮೇಲೆ ಅಂತ ಕೇಳಿ, ಅದನ್ನೇ ಒಂದು ವಾರ ಮಾಡಿ, ಒಂದು ವಾರ ಬಿಡಿ ಅಂತ ಹೇಳಿ ಫೋನಿಗೆ ಹಚ್ಚೋ ಸಣ್ಣ ಇಸಿಜಿಯಲ್ಲಿ ದಿನಾ ನೋಡಿದ್ರು. ಅತಿ ಹೆಚ್ಚು ಜನ ಆರಿಸ್ಕೊಂಡಿದ್ದು ಕೆಫೀನ್. ಕೊನೆಗೆ ಲೆಕ್ಕ ಹಾಕಿದಾಗ ಎ.ಎಫ್. ಜೊತೆ ಗಟ್ಟಿಯಾಗಿ ತಾಳೆ ಬಿದ್ದಿದ್ದು ಮದ್ಯ ಒಂದೇ.

ಈಗ ಗೊರಕೆ. ಇದು ಮನೆಯವರಿಗೆ ಗೊತ್ತಿರುತ್ತೆ, ಮಲಗಿರೋರಿಗೆ ಗೊತ್ತಿರಲ್ಲ, ಹಾಗಾಗಿ ಅಮ್ಮಂದಿರು ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಎಲ್ಲ ಗೊರಕೆಯೂ ಕಾಯಿಲೆ ಅಲ್ಲ. ಜೋರಾಗಿ ಹೊಡೀತಾ ಹೊಡೀತಾ ಇದ್ದಕ್ಕಿದ್ದ ಹಾಗೆ ಉಸಿರೇ ನಿಂತ ಹಾಗಾಗಿ, ನೀವು ಗಾಬರಿಯಲ್ಲಿ ಅಲ್ಲಾಡಿಸೋಕೆ ಕೈ ಚಾಚೋ ಹೊತ್ತಿಗೆ ಅವರು ಒಮ್ಮೆ ಬೆಚ್ಚಿ ಉಸಿರು ಎಳ್ಕೊಂಡು ಮತ್ತೆ ಶುರು ಮಾಡ್ತಾರಲ್ಲ, ಅದು ಸ್ಲೀಪ್ ಆಪ್ನಿಯಾ. ಗಂಟಲು ಮುಚ್ಚಿರುತ್ತೆ, ಎದೆ ಮಾತ್ರ ಗಾಳಿಗಾಗಿ ಜಗ್ಗುತ್ತಾ ಇರುತ್ತೆ, ಆ ಜಗ್ಗಾಟಕ್ಕೆ ಮೇಲ್ಕೋಣೆಯ ತೆಳು ಗೋಡೆ ಎಳೆಯುತ್ತೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಬೆಚ್ಚಿ ಎದ್ದಾಗ ಅಡ್ರಿನಲಿನ್ ನುಗ್ಗಿ ಬಿ.ಪಿ. ಮೇಲೆ ಹಾರುತ್ತೆ. ಇದು ರಾತ್ರಿಗೆ ಹತ್ತಾರು ಸಲ, ಕೆಲವರಲ್ಲಿ ನೂರಾರು ಸಲ, ವರ್ಷಗಟ್ಟಲೆ ನಡೀತಿರುತ್ತೆ. ಕಿಡಿ ಹಾರಿಸೋದೂ ಇದೇ, ಬಣವೆ ಒಣಗಿಸೋದೂ ಇದೇ. ಎ.ಎಫ್. ಇರೋರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಈ ತೊಂದರೆ ಇರೋದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. 2003ರಲ್ಲಿ ಬಂದ ಒಂದು ವರದಿಯಲ್ಲಿ ಶಾಕ್ ಕೊಟ್ಟು ಲಯ ಸರಿ ಮಾಡಿದ ಮೇಲೆ ಒಂದು ವರ್ಷದೊಳಗೆ ಮತ್ತೆ ತಪ್ಪಿದ್ದು ಆಪ್ನಿಯಾಗೆ ಚಿಕಿತ್ಸೆ ತಗೊಳ್ಳದವರಲ್ಲಿ ಶೇ. 82, ತಗೊಂಡವರಲ್ಲಿ ಶೇ. 42. ಅದು ಚಿಕ್ಕ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ, ಹಾಗಾಗಿ ರಾತ್ರಿ ಗಾಳಿ ಒತ್ತಿ ಗಂಟಲು ತೆರೆದಿಡೋ ಮಷೀನ್ ಮೂಗಿಗೆ ಹಾಕಿದ್ರೆ ಎ.ಎಫ್. ನಿಂತೇ ಹೋಗುತ್ತೆ ಅಂತ ಮಾತು ಕೊಡಕ್ಕಾಗಲ್ಲ. ಆದ್ರೆ ಹಗಲು ಬಸ್ಸಲ್ಲಿ, ಸಭೆಯಲ್ಲಿ ಕೂತಲ್ಲೇ ತೂಕಡಿಸೋರು, ಬೆಳಗ್ಗೆ ಎದ್ದಾಗ ತಲೆನೋವು ಅನ್ನೋರು, ಮೂರು ಮಾತ್ರೆ ನುಂಗಿದ್ರೂ ಬಿ.ಪಿ. ಇಳೀದೆ ಇರೋರು ಒಂದು ಸಲ ಸ್ಲೀಪ್ ಸ್ಟಡಿ, ಅಂದ್ರೆ ನಿದ್ದೆಯಲ್ಲಿ ಉಸಿರು ಹೇಗಿದೆ ಅಂತ ನೋಡೋ ಪರೀಕ್ಷೆ ಮಾಡಿಸ್ಲೇಬೇಕು, ಈಗ ಮನೆಯಲ್ಲೇ ಮಲಗಿ ಮಾಡಿಸೋ ಮಷೀನೂ ಬಂದಿದೆ.

ಗೊರಕೆ ಅಂದ್ರೆ ತೂಕ, ತೂಕ ಅಂದ್ರೆ ಬಿ.ಪಿ., ಇವು ಒಂದನ್ನೊಂದು ಬಿಟ್ಟಿರಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನ ಪ್ರಶಾಂತನ್ ಸ್ಯಾಂಡರ್ಸ್ ತಂಡದವರು 2015ರಲ್ಲಿ ತೋರಿಸಿದ್ದು, ದಪ್ಪ ಇರೋ ಎ.ಎಫ್. ರೋಗಿಗಳು ತಮ್ಮ ತೂಕದ ಹತ್ತನೇ ಒಂದು ಭಾಗ ಇಳಿಸಿ ಹಾಗೇ ಉಳಿಸ್ಕೊಂಡ್ರೆ ಲಯ ಸರಿಯಾಗಿ ಉಳಿಯೋ ಸಾಧ್ಯತೆ ಸುಮಾರು ಆರು ಪಟ್ಟು. 80 ಕೆ.ಜಿ. ಇದ್ರೆ 8 ಕೆ.ಜಿ., ನಿಧಾನಕ್ಕೆ. ಆದ್ರೆ ಇಳಿಸಿ ಏರಿಸಿ ಮಾಡಿದವರಿಗೆ ಆ ಲಾಭ ಅಷ್ಟು ಸಿಗಲಿಲ್ಲ.

ಥೈರಾಯ್ಡ್ ಬಗ್ಗೆ ಎರಡು ಮಾತು. ಹೊಸದಾಗಿ ಎ.ಎಫ್. ಅಂತ ಗೊತ್ತಾದ ಪ್ರತಿಯೊಬ್ಬರಿಗೂ ಟಿ.ಎಸ್.ಎಚ್. ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ ಆಗಬೇಕು, ಥೈರಾಯ್ಡ್ ಜಾಸ್ತಿಯಾದ್ರೆ ಅದರ ಅಂಕಿ ಇಳಿಯುತ್ತೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದ್ರೆ ಕೈ ನಡುಕ, ಬೆವರು, ತೂಕ ಇಳಿಯೋದು ಅಂತ ಓದಿರ್ತೀರಿ, ವಯಸ್ಸಾದವರಲ್ಲಿ ಅದ್ಯಾವುದೂ ಇಲ್ಲದೆ ಎ.ಎಫ್. ಒಂದೇ ಲಕ್ಷಣ ಆಗಿ ಬರಬಹುದು. ಇನ್ನೊಂದು, ಥೈರಾಯ್ಡ್ ಕಮ್ಮಿ ಅಂತ ಮಾತ್ರೆ ತಗೊಳ್ಳೋರು ವರ್ಷಗಟ್ಟಲೆ ಟೆಸ್ಟ್ ಇಲ್ಲದೆ ಅದೇ ಡೋಸ್ ನುಂಗ್ತಾ ಹೋಗ್ತಾರೆ, ಡೋಸ್ ಜಾಸ್ತಿಯಾಗಿದ್ರೆ ಅದೇ ಕೆಣಕುತ್ತೆ. ಫ್ರೇಮಿಂಗ್‌ಹ್ಯಾಮ್‌ನಲ್ಲೇ 1994ರಲ್ಲಿ ಕಂಡಿದ್ದು: 60 ದಾಟಿದವರಲ್ಲಿ ಟಿ.ಎಸ್.ಎಚ್. 0.1 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಹತ್ತು ವರ್ಷದಲ್ಲಿ ಎ.ಎಫ್. ಬರೋ ಅಪಾಯ ಮೂರು ಪಟ್ಟು.

ಮಾತ್ರೆಗಳು ಅಂದಾಗ ನೆನಪಾಯ್ತು, ಕಾರಣ ಹುಡುಕೋಕೆ ಬರೋವಾಗ ಮಾತ್ರೆ ಡಬ್ಬಿ ಪೂರ್ತಿ ತನ್ನಿ ಅಂತ ನಾನು ಹೇಳೋದು ಅದಕ್ಕೇ. ಉಬ್ಬಸಕ್ಕೆ ಕೊಡೋ ಡೆರಿಫಿಲಿನ್ ಇದೆಯಲ್ಲ, ಅದರಲ್ಲಿರೋ ಥಿಯೋಫಿಲಿನ್ ಜಾತಿಯ ಔಷಧಿ ಹೃದಯವನ್ನ ಕೆಣಕುತ್ತೆ, ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ತಂದು ನುಂಗೋರು ಎಷ್ಟು ಜನ ಇದಾರೆ. ಸಾಲ್ಬುಟಮಾಲ್ ಪಂಪು ಅಳತೆ ಮೀರಿ ಎಳೆಯೋದು, ಮೂಗು ಕಟ್ಟಿದೆ ಅಂತ ತಗೊಳ್ಳೋ ನೆಗಡಿ ಮಾತ್ರೆಗಳಲ್ಲಿರೋ ಸ್ಯೂಡೋಎಫೆಡ್ರಿನ್, ಮಂಡಿನೋವಿಗೆ ಅಂತ ದೊಡ್ಡ ಡೋಸಲ್ಲಿ ಕೊಡೋ ಸ್ಟೆರಾಯ್ಡ್, ಇವೆಲ್ಲ ಅದೇ ಸಾಲು. ಹೃದಯಕ್ಕೆ ಒಳ್ಳೇದು ಅಂತ ಮಕ್ಕಳು ವಿದೇಶದಿಂದ ಕಳಿಸೋ ಮೀನೆಣ್ಣೆ ಕ್ಯಾಪ್ಸೂಲ್ ಕೂಡ ದೊಡ್ಡ ಪ್ರಮಾಣದಲ್ಲಿ ತಗೊಂಡ್ರೆ ಎ.ಎಫ್. ಸ್ವಲ್ಪ ಹೆಚ್ಚಾಗೋದು ದೊಡ್ಡ ಟ್ರಯಲ್‌ಗಳಲ್ಲೇ ಕಂಡಿದೆ. ಇನ್ನು ಹೃದಯದ ವೇಗ ತಗ್ಗಿಸೋಕೆ ಕೊಟ್ಟಿರೋ ಮೆಟೊಪ್ರೊಲಾಲ್ ಥರದ ಮಾತ್ರೆ ಮುಗೀತು ಅಂತ ನಾಲ್ಕು ದಿನ ಬಿಟ್ಟುಬಿಡೋದು, ಅದಂತೂ ಮಾಡ್ಲೇಬೇಡಿ.

ಭೇದಿ, ವಾಂತಿ, ರಾಯಚೂರು-ಕಲಬುರಗಿ ಕಡೆಯ ಬೇಸಿಗೆಯಲ್ಲಿ ಬೆವರಿ ಬೆವರಿ ನೀರು ಕುಡೀದೆ ಇರೋದು, ಇದರಿಂದ ಪೊಟ್ಯಾಷಿಯಂ ಮೆಗ್ನೀಷಿಯಂ ಇಳಿದು ಲಯ ತಪ್ಪಬಹುದು. ಮೂತ್ರದ ಮಾತ್ರೆ ತಗೊಳ್ಳೋರಿಗೆ ಇದು ಬೇಗ ಆಗುತ್ತೆ.

ಈಗ ನಾನು ಮೊದಲು ಹೇಳಿದ್ದೆನಲ್ಲ, ಸ್ಟ್ರೋಕ್ ಮಾತು, ಅಲ್ಲಿಗೆ ಬರ್ತೀನಿ. ನ್ಯುಮೋನಿಯಾ ಆಗಿ ಅಡ್ಮಿಟ್ ಆಗಿರ್ತಾರೆ, ಅಥವಾ ಬೈಪಾಸ್ ಆಪರೇಷನ್ ಆಗಿರುತ್ತೆ, ಎರಡನೇ ಮೂರನೇ ದಿನ ಎ.ಎಫ್. ಬರುತ್ತೆ, ಹೃದಯದ ಆಪರೇಷನ್ ಆದ ನೂರರಲ್ಲಿ 20ರಿಂದ 40 ಜನಕ್ಕೆ ಹೀಗಾಗೋದುಂಟು. ಔಷಧಿ ಕೊಟ್ಟು ಸರಿಯಾಗುತ್ತೆ. ಮನೆಗೆ ಹೋಗುವಾಗ "ಅದು ಜ್ವರದಿಂದ ಬಂದಿದ್ದು, ಜ್ವರ ಹೋಯ್ತು, ಅದೂ ಹೋಯ್ತು" ಅನ್ನೋ ಮಾತು ಜೊತೆಗೆ ಹೋಗುತ್ತೆ. ಆಮೇಲೆ ಯಾರೂ ನಾಡಿ ಹಿಡಿಯಲ್ಲ. ಫ್ರೇಮಿಂಗ್‌ಹ್ಯಾಮ್‌ನವರು ಇಂಥವರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ರು, 2015ರಲ್ಲಿ ಅದು ಬಂತು. ಸೋಂಕು, ಆಪರೇಷನ್ ಥರದ ಸ್ಪಷ್ಟ ಕಾರಣದಿಂದ ಮೊದಲ ಸಲ ಎ.ಎಫ್. ಬಂದವರಲ್ಲಿ 15 ವರ್ಷದೊಳಗೆ ಮತ್ತೆ ಬಂದಿದ್ದು ಶೇ. 62. ಯಾವ ಕಾರಣವೂ ಸಿಗದವರಲ್ಲಿ ಶೇ. 71. ವ್ಯತ್ಯಾಸ ಇದೆ, ಆದ್ರೆ ಎಷ್ಟು ಚಿಕ್ಕದು ನೋಡಿ, ಸ್ಟ್ರೋಕ್ ಅಪಾಯ ಎರಡೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ. ಜ್ವರ ಕಿಡಿ ಮಾತ್ರ, ಹುಲ್ಲು ಮೊದಲೇ ಒಣಗಿತ್ತು. ರಕ್ತ ತೆಳು ಮಾಡೋ ಮಾತ್ರೆ ಬೇಕಾ ಬೇಡ್ವಾ ಅಂತ ನಾವು ಲೆಕ್ಕ ಹಾಕೋದು ವಯಸ್ಸು, ಬಿ.ಪಿ., ಶುಗರ್, ಹಿಂದೆ ಸ್ಟ್ರೋಕ್ ಆಗಿತ್ತಾ, ಹಾರ್ಟ್ ಫೇಲ್ಯೂರ್ ಇದೆಯಾ ಅಂತ ನೋಡಿ. ಎದೆಬಡಿತ ಈಗ ಸರಿಯಿದೆ, ಕಾರಣ ಗೊತ್ತಾಯ್ತು, ಕುಡಿಯೋದು ಬಿಟ್ಟೆ, ಹಾಗಾಗಿ ಆ ಮಾತ್ರೆನೂ ಬಿಟ್ಟೆ ಅಂತ ಬಂದು ಹೇಳೋರನ್ನ ನೋಡಿದಾಗ ನನಗೆ ಕೈಕಾಲು ತಣ್ಣಗಾಗುತ್ತೆ. ಕೇಳದೆ ಬಿಡಬೇಡಿ, ದಯವಿಟ್ಟು.

ಇನ್ನೊಂದು ಕಾರಣವನ್ನ ವಿದೇಶದ ಲೇಖನಗಳಲ್ಲಿ ನೀವು ಹೆಚ್ಚು ಓದಲ್ಲ, ನಮ್ಮಲ್ಲಿ ಅದನ್ನ ಬಿಟ್ಟು ಮಾತಾಡೋ ಹಾಗೇ ಇಲ್ಲ. ಚಿಕ್ಕ ವಯಸ್ಸಲ್ಲಿ ಗಂಟಲು ನೋವು, ಜ್ವರ, ಆಮೇಲೆ ಕೀಲು ಕೀಲು ಊದಿ ನೋವು ಬಂದು ಹೋಗಿರುತ್ತೆ, ರುಮ್ಯಾಟಿಕ್ ಜ್ವರ ಅಂತಾರೆ, ಅದು ಹೋಗುವಾಗ ಹೃದಯದ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಬಾಗಿಲಿನ ಹಾಗಿರೋ ಮೈಟ್ರಲ್ ವಾಲ್ವನ್ನ ಗಟ್ಟಿ ಮಾಡಿ ಹೋಗಿರುತ್ತೆ. ವಾಲ್ವ್ ಕಿರಿದಾದಷ್ಟೂ ಎಡ ಮೇಲ್ಕೋಣೆ ಹಿಗ್ಗುತ್ತಾ ಹೋಗುತ್ತೆ, ಹಿಗ್ಗಿದ ಕೋಣೆಯಲ್ಲಿ ಎ.ಎಫ್. ಬಂದು ಕೂರುತ್ತೆ, ಎಷ್ಟೋ ಹೆಣ್ಣುಮಕ್ಕಳಲ್ಲಿ ಮೊದಲು ಗೊತ್ತಾಗೋದೇ ಬಸುರಿಯಾದಾಗ. ಹಲವು ದೇಶಗಳ ಎ.ಎಫ್. ರೋಗಿಗಳನ್ನ ನೋಡಿದ ಒಂದು ದೊಡ್ಡ ದಾಖಲಾತಿ 2014ರಲ್ಲಿ ಬಂತು, ಅದರಲ್ಲಿ ಉತ್ತರ ಅಮೆರಿಕದವರಲ್ಲಿ ರುಮ್ಯಾಟಿಕ್ ಹೃದಯರೋಗ ಇದ್ದಿದ್ದು ಶೇ. 2.2, ಭಾರತದವರಲ್ಲಿ ಶೇ. 31.5. ಇಂಥವರಿಗೆ ಕಾಫಿ ಬಿಡಿ, ಯೋಗ ಮಾಡಿ ಅಂತ ಹೇಳಿ ಕಳಿಸಿದ್ರೆ ಅನ್ಯಾಯ. ಎಕೋ ಅನ್ನೋ ಹೃದಯದ ಸ್ಕ್ಯಾನ್ ಒಂದು ಮಾಡಿದ್ರೆ ವಾಲ್ವ್ ಕಾಣುತ್ತೆ, ಬಲೂನಿಗೆ ಹೊಂದೋ ಥರದ ವಾಲ್ವ್ ಆಗಿದ್ರೆ ಜಯದೇವದಂಥ ಕಡೆ ತೊಡೆಯ ನಾಳದಿಂದ ಬಲೂನ್ ಹಾಕಿ ಬಿಡಿಸ್ತಾರೆ. ಮನೆಯಲ್ಲಿ ಮಕ್ಕಳಿಗೆ ಗಂಟಲು ನೋವಿನ ಹಿಂದೆಯೇ ಕೀಲುನೋವು ಬಂದ್ರೆ ತೋರಿಸಿ, ರುಮ್ಯಾಟಿಕ್ ಅಂತ ಗೊತ್ತಾದ್ರೆ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಹೇಳ್ತಾರೆ, ಮಗು ಅಳುತ್ತೆ ಅಂತ ಅದನ್ನ ತಪ್ಪಿಸಬೇಡಿ.

ಉಳಿದವನ್ನ ಬೇಗ ಹೇಳಿಬಿಡ್ತೀನಿ. ಹೊಟ್ಟೆ ಬಿರಿಯ ಉಂಡು ತಕ್ಷಣ ಮಲಗಿದಾಗ, ಐಸ್ ನೀರು ಗಟಗಟ ಕುಡಿದಾಗ, ನಡುರಾತ್ರಿ ನಿದ್ದೆಯಲ್ಲಿ ಶುರುವಾಗೋ ಎ.ಎಫ್. ಕೆಲವರಿಗೆ ಇರುತ್ತೆ, ಅದು ವೇಗಸ್ ಅನ್ನೋ ನರದ ಕಡೆಯಿಂದ ಬರೋದು. ಸಿಟ್ಟು, ಜಗಳ, ಸಾವಿನ ಮನೆಯ ದುಃಖವೂ ಕಿಡಿ ಆಗಬಹುದು. ವ್ಯಾಯಾಮಕ್ಕೆ ಹೆದರಬೇಡಿ, ಸ್ವೀಡನ್ನಿನಲ್ಲಿ 90 ಕಿ.ಮೀ. ಹಿಮದ ಮೇಲೆ ಸ್ಕೀ ಮಾಡೋ ರೇಸ್ ಇದೆ, ವರ್ಷ ವರ್ಷ ಅದರಲ್ಲಿ ಜೋರಾಗಿ ಓಡಿದವರಿಗೆ ಲಯದ ತೊಂದರೆ ಹೆಚ್ಚಾಗಿದ್ದು ನಿಜ, ಪಾರ್ಕಲ್ಲಿ ಮುಕ್ಕಾಲು ಗಂಟೆ ನಡೆಯೋ ನಿಮಗೆ ಅದು ಅನ್ವಯಿಸಲ್ಲ.

ನಿಮ್ಮ ಕಾರಣ ನೀವೇ ಹುಡುಕೋಕೆ ಒಂದು ನೋಟ್‌ಬುಕ್ ಸಾಕು. ಯಾವತ್ತು, ಎಷ್ಟು ಗಂಟೆಗೆ ಶುರುವಾಯ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಏನು ಕುಡಿದಿದ್ರಿ, ಹೊಸ ಮಾತ್ರೆ ಏನಾದ್ರೂ ಇತ್ತಾ, ಜ್ವರ ಭೇದಿ ಇತ್ತಾ. ತೊಂದರೆ ಇಲ್ಲದ ದಿನವೂ ಬರೀಬೇಕು, ಇಲ್ದಿದ್ರೆ ದಿನಾ ಕುಡಿಯೋ ಕಾಫಿ ಮೇಲೇ ಅಪವಾದ ಬರುತ್ತೆ. ಎದೆ ಏರುಪೇರು ಆಗ್ತಿರುವಾಗಲೇ ಹತ್ತಿರದ ಕ್ಲಿನಿಕ್ಕೋ ತಾಲೂಕು ಆಸ್ಪತ್ರೆಯೋ ಹೋಗಿ ಇಸಿಜಿ ತೆಗೆಸಿ, ನಿಂತ ಮೇಲೆ ತೆಗೆಸಿದ್ರೆ ನಾರ್ಮಲ್ ಅಂತ ಬರುತ್ತೆ. ಎದೆನೋವು, ತಲೆಸುತ್ತಿ ಬೀಳೋದು, ಉಸಿರು ಸಿಗದೆ ಇರೋದು ಇದ್ರೆ, ಬಾಯಿ ಸೊಟ್ಟ, ಕೈ ಬಿದ್ದು ಹೋಗೋದು, ಮಾತು ತೊದಲೋದು ಕಂಡ್ರೆ ನೋಟ್‌ಬುಕ್ ಎಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ. ಸ್ಟ್ರೋಕ್‌ನಲ್ಲಿ ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರೋದು ನಾಲ್ಕೂವರೆ ಗಂಟೆ.

ಪ್ರಶ್ನೆಗಳಲ್ಲಿ ಮೊದಲನೇದು ಒಬ್ಬರು ನಿವೃತ್ತ ಮೇಷ್ಟ್ರು ಕೇಳಿದ್ದು, "ಮಗ ಸ್ಮಾರ್ಟ್ ವಾಚ್ ಕಳಿಸಿದಾನೆ, ಅದು ಎ.ಎಫ್. ಅಂತ ತೋರಿಸಿದ್ರೆ ನಂಬಬಹುದಾ?" ನಂಬಿ ಮಾತ್ರೆ ಶುರು ಮಾಡೋ ಹಾಗಿಲ್ಲ ಸರ್, ತೋರಿಸಿದ್ರೆ ಇಸಿಜಿ ಮಾಡಿಸಿ. ಆಪಲ್ ವಾಚಿನ ಮೇಲೆ 4.19 ಲಕ್ಷ ಜನರ ಅಧ್ಯಯನ 2019ರಲ್ಲಿ ಬಂತು, ಎಚ್ಚರಿಕೆ ಬಂದಿದ್ದು ಶೇ. 0.52 ಜನಕ್ಕೆ, ಅವರಲ್ಲಿ ಆಮೇಲೆ ಎದೆಗೆ ಪಟ್ಟಿ ಹಾಕಿ ನೋಡಿಸ್ಕೊಂಡವರ ಪೈಕಿ ಎ.ಎಫ್. ಸಿಕ್ಕಿದ್ದು ಶೇ. 34ರಲ್ಲಿ. ವಾಚ್ ಇಲ್ಲದವರು ಬೇಜಾರ್ ಮಾಡ್ಕೋಬೇಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದು ನಿಮಿಷ ಪೂರ್ತಿ ಎಣಿಸಿ, ಅಂತರ ಒಂದೇ ಥರ ಇದೆಯಾ ನೋಡಿ. ಬಿ.ಪಿ. ಚೆಕ್ ಮಾಡಿಸುವಾಗ ಪ್ರತಿ ಸಲ ನಾಡಿನೂ ನೋಡಿಸ್ಕೊಳ್ಳಿ.

ಒಬ್ಬರು ಅಮ್ಮ ಏಕಾದಶಿ ಉಪವಾಸದ ಬಗ್ಗೆ ಕೇಳಿದ್ರು. ಉಪವಾಸ ಬೇಡ ಅಂತ ನಾನು ಹೇಳಲ್ಲಮ್ಮ, ನಿರ್ಜಲ ಮಾತ್ರ ಬೇಡ. ನೀರು ಕುಡೀರಿ, ರಕ್ತ ತೆಳು ಮಾಡೋ ಮಾತ್ರೆ ಅವತ್ತೂ ತಪ್ಪಿಸಬಾರದು, ರಿವರೊಕ್ಸಬಾನ್ ಆಗಿದ್ರೆ ಅದನ್ನ ಊಟದ ಜೊತೆ ತಗೊಳ್ಳೋದು, ಹಾಗಾಗಿ ಫಲಾಹಾರದ ಹೊತ್ತಿಗೆ ತಗೊಳ್ಳೋದರ ಬಗ್ಗೆ ನಿಮ್ಮ ಡಾಕ್ಟ್ರ ಹತ್ರ ಮೊದಲೇ ಕೇಳ್ಕೊಳ್ಳಿ, ಮೂತ್ರದ ಮಾತ್ರೆ, ಶುಗರ್ ಮಾತ್ರೆ ಅವತ್ತು ಹೇಗೆ ಅಂತಲೂ ಕೇಳಿ. ಎಳನೀರು ಒಳ್ಳೇದು, ಆದ್ರೆ ಕಿಡ್ನಿ ತೊಂದರೆ ಇರೋವ್ರಿಗೆ ಪೊಟ್ಯಾಷಿಯಂ ಜಾಸ್ತಿ ಆಗುತ್ತೆ, ಅವರು ಕೇಳದೆ ಕುಡೀಬಾರದು.

ಕೊನೆಗೆ ಹಿಂದಿನ ಸಾಲಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತು, "ನಮ್ಮ ಅತ್ತೆಗೆ ವಾಲ್ವ್ ತೊಂದರೆ, ಎ.ಎಫ್. ಇದೆ, ರಕ್ತ ತೆಳು ಮಾಡೋ ಅಸಿಟ್ರಾಮ್ ತಗೊಳ್ತಾರೆ, ಪದೇ ಪದೇ ರಕ್ತ ಪರೀಕ್ಷೆಗೆ ಊರಿಂದ ಕರ್ಕೊಂಡು ಬರೋದು ಕಷ್ಟ, ಪರೀಕ್ಷೆ ಬೇಡದ ಹೊಸ ಮಾತ್ರೆ ಕೊಡಕ್ಕಾಗಲ್ವಾ?" ಅಂದ್ರು. ಆ ಕಷ್ಟ ನನಗೆ ಅರ್ಥ ಆಗುತ್ತೆ, ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತೆ. ಬೇರೆ ಎ.ಎಫ್. ರೋಗಿಗಳಲ್ಲಿ ಬಹಳಷ್ಟು ಜನಕ್ಕೆ ಈಗ ಹೊಸ ಮಾತ್ರೆಗಳನ್ನೇ ಕೊಡ್ತೀವಿ. ಆದ್ರೆ ನಿಮ್ಮ ಅತ್ತೆಯಂಥ ರುಮ್ಯಾಟಿಕ್ ವಾಲ್ವ್ ಇರೋವ್ರ ಮೇಲೆ ಭಾರತವೂ ಸೇರಿ 24 ದೇಶಗಳಲ್ಲಿ ಇನ್ವಿಕ್ಟಸ್ ಅನ್ನೋ ಟ್ರಯಲ್ ಆಯ್ತು, ಸುಮಾರು 4500 ಜನ, ಮುಕ್ಕಾಲು ಪಾಲಿಗೆ ಹತ್ತಿರ ಹೆಂಗಸರು, ಸರಾಸರಿ ವಯಸ್ಸು 50. 2022ರಲ್ಲಿ ಫಲಿತಾಂಶ ಬಂದಾಗ ಹೊಸ ಮಾತ್ರೆ ತಗೊಂಡವರಲ್ಲೇ ಸಾವು, ಸ್ಟ್ರೋಕ್ ಹೆಚ್ಚಿತ್ತು, ಅಸಿಟ್ರಾಮ್ ಥರದ ಹಳೇ ಮಾತ್ರೆಯೇ ಮೇಲಾಯ್ತು. ಹಾಗಾಗಿ ವಾಲ್ವ್ ಕಿರಿದಾಗಿದ್ರೆ ಬದಲಾಯಿಸೋದು ಬೇಡ. ಐ.ಎನ್.ಆರ್., ಅಂದ್ರೆ ಆ ರಕ್ತ ಪರೀಕ್ಷೆಯಲ್ಲಿ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸೋ ಅಂಕಿ, ಸಾಮಾನ್ಯವಾಗಿ 2ರಿಂದ 3ರ ಒಳಗೆ ಇರಬೇಕು, ಅದು ನಿಂತಿದ್ರೆ ತಿಂಗಳಿಗೊಂದು ಪರೀಕ್ಷೆ ಸಾಕಾಗುತ್ತೆ, ಊರಿಗೆ ಹತ್ತಿರದ ಲ್ಯಾಬಲ್ಲೇ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಿದ್ರೆ ನಿಮ್ಮ ಡಾಕ್ಟ್ರು ಡೋಸ್ ಹೇಳಬಹುದು, ಕೇಳಿ ನೋಡಿ. ಸೊಪ್ಪು ತಿನ್ನಬಾರದು ಅಂತ ಯಾರೋ ಹೇಳಿದ್ದಕ್ಕೆ ಅವರು ಬಸಳೆ, ದಂಟು, ಪಾಲಕ್ ಎಲ್ಲ ಬಿಟ್ಟುಬಿಟ್ಟಿದಾರೆ ಅಂದ್ರಲ್ಲ, ಅಷ್ಟು ಕಟ್ಟುನಿಟ್ಟು ಬೇಕಿಲ್ಲ, ವಾರಕ್ಕೆ ಎಷ್ಟು ತಿಂತಿದ್ರೋ ಅಷ್ಟೇ ಪ್ರತಿ ವಾರವೂ ತಿನ್ಲಿ, ಒಂದು ವಾರ ದಿನಾ ಸೊಪ್ಪು ಇನ್ನೊಂದು ವಾರ ಒಂದೆಲೆಯೂ ಇಲ್ಲ ಅಂತಾದಾಗಲೇ ಐ.ಎನ್.ಆರ್. ಏರಿ ಇಳಿಯೋದು.